ಕ್ಲೇಮ್ ಉಳಿಯುವುದೂ ಹೋಗುವುದೂ ಒಪಿಡಿ ಚೀಟಿಯಲ್ಲೇ

ಪ್ರಶ್ನೆ: ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೊರರೋಗಿ ವಿಭಾಗದ ಬಿಲ್ಲಿಂಗ್ ಮತ್ತು ವಿಮೆ ಕೌಂಟರ್ ನೋಡಿಕೊಳ್ಳುತ್ತೇನೆ. ಇತ್ತೀಚೆಗೆ ಕ್ಲೇಮ್ ತಿರಸ್ಕಾರ ಜಾಸ್ತಿ ಆಗಿದೆ. ಸಾಗರ, ಸೊರಬ, ಹೊಸನಗರದ ಕಡೆಯಿಂದ ಬಂದವರು ಪತ್ರ ಹಿಡಿದುಕೊಂಡು ನಮ್ಮ ಮುಂದೆಯೇ ನಿಲ್ಲುತ್ತಾರೆ. ಆಡಳಿತದವರು ಹೊಸ ಸಾಫ್ಟ್‌ವೇರ್ ತಂದರೆ ಸರಿಹೋಗುತ್ತದೆ ಅನ್ನುತ್ತಿದ್ದಾರೆ. ಕೌಂಟರಿನಲ್ಲಿ ಇರುವುದು ಇಬ್ಬರೇ. ಡಾಕ್ಟರಿಗೆ ಹೋಗಿ ‘ಹೀಗೆ ಬರೆಯಿರಿ’ ಅಂತ ಹೇಳಲು ಹಿಂಜರಿಕೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ: ಸಾಫ್ಟ್‌ವೇರ್ ವಿಷಯ ಕೊನೆಗೆ ನೋಡೋಣ. ಮೊದಲು ಕಳೆದ ಆರು ತಿಂಗಳ ತಿರಸ್ಕಾರದ ಪತ್ರಗಳನ್ನೆಲ್ಲ ಒಂದು ಕಡೆ ಸೇರಿಸಿ. ಪ್ರತಿ ಪತ್ರಕ್ಕೂ ಆ ರೋಗಿಯ ಮೊಟ್ಟಮೊದಲ ಒಪಿಡಿ ಚೀಟಿಯ ಜೆರಾಕ್ಸ್ ಹುಡುಕಿ ಪಿನ್ ಮಾಡಿ. ಎರಡನ್ನೂ ಒಟ್ಟಿಗೆ ಓದಿ. ವಿಮೆ ಕಂಪನಿ ಕೊಟ್ಟ ಕಾರಣದ ಬೇರು ಹೆಚ್ಚಿನ ಸಲ ಆ ಚೀಟಿಯಲ್ಲೇ ಇರುತ್ತದೆ. ರೋಗಿ ಬಂದ ಮೊದಲ ಹತ್ತು ನಿಮಿಷದಲ್ಲಿ ಬರೆದ ಒಂದು ಸಾಲು, ಅಥವಾ ಬರೆಯದೇ ಬಿಟ್ಟ ಒಂದು ಸಾಲು. ಆಮೇಲೆ ಕ್ಲೇಮ್ ಫಾರ್ಮ್ ಎಷ್ಟೇ ಚೆನ್ನಾಗಿ ತುಂಬಿದರೂ ಅದನ್ನು ಸರಿಮಾಡುವುದು ಕಷ್ಟ. ಇರುವ ಇಬ್ಬರ ಶ್ರಮವನ್ನು ಚೀಟಿಯ ಮೇಲೆ ಹಾಕಿ.

ಆ ರಾಶಿಯಲ್ಲಿ ಒಂದು ಪಾಲು ಬೇರೆಯೇ ಇರುತ್ತದೆ. ಅವು ಮೊದಲಿನಿಂದಲೂ ಸಿಗದಿದ್ದ ದುಡ್ಡಿಗೆ ಹಾಕಿದ ಕ್ಲೇಮುಗಳು. ನಮ್ಮ ದೇಶದ ಹೆಚ್ಚಿನ ಆರೋಗ್ಯ ವಿಮೆ ಪಾಲಿಸಿಗಳು ಕನಿಷ್ಠ 24 ಗಂಟೆ ಒಳರೋಗಿಯಾಗಿ ದಾಖಲಾದ ಚಿಕಿತ್ಸೆಗೆ ಮಾಡಿದವು. ಸುಮ್ನೆ ಡಾಕ್ಟರಿಗೆ ತೋರಿಸಿ, ರಕ್ತ ಪರೀಕ್ಷೆ ಮಾಡಿಸಿ, ಮಾತ್ರೆ ತಗೊಂಡು ಮನೆಗೆ ಹೋದರೆ ಆ ಬಿಲ್ಲಿಗೆ ದುಡ್ಡು ಬರುವುದಿಲ್ಲ. ಒಪಿಡಿ ಖರ್ಚು ವಾಪಸ್ ಬರುವ ದಾರಿಗಳು ಕೆಲವೇ. ಪಾಲಿಸಿಯಲ್ಲಿ ಪ್ರತ್ಯೇಕ ಒಪಿಡಿ ಕವರ್ ಕೊಂಡಿರಬೇಕು. ಅಥವಾ ಆ ಖರ್ಚು ಮುಂದೆ ಆದ ಅಡ್ಮಿಷನ್ನಿಗೆ ಸಂಬಂಧಪಟ್ಟಿರಬೇಕು. ಅಥವಾ ಅದು ಡೇ ಕೇರ್, ಅಂದರೆ ಬೆಳಿಗ್ಗೆ ಬಂದು ಸಂಜೆ ಹೋಗುವ ಚಿಕಿತ್ಸೆ ಆಗಿರಬೇಕು. ಇಲ್ಲವೇ ಕಾರ್ಮಿಕರಿಗಿರುವ ಇಎಸ್‌ಐ ಥರ ಒಪಿಡಿಯನ್ನೂ ನೋಡಿಕೊಳ್ಳುವ ಬೇರೆ ವ್ಯವಸ್ಥೆ ಇರಬೇಕು.

ಆಯುಷ್ಮಾನ್ ಕಾರ್ಡ್ ಹಿಡಿದು ಬರುವವರಿಗೆ ಇದನ್ನು ಇನ್ನೂ ಬಿಡಿಸಿ ಹೇಳಬೇಕು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಯೋಜನೆಯಲ್ಲಿ ಆ ಚಿಕಿತ್ಸೆಗೆ ನಿಗದಿಯಾದ ಮೊತ್ತದ) ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಆದರೆ ಬಿಡಿ ಒಪಿಡಿ ಬಿಲ್ಲಿಗೆ ಅದು ಅನ್ವಯಿಸುವುದಿಲ್ಲ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಬರುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಹೊಸನಗರದಿಂದ ಎರಡು ಬಸ್ ಬದಲಿಸಿ ಬಂದವರಿಗೆ ಮಧ್ಯಾಹ್ನ ಎರಡು ಗಂಟೆಗೆ ‘ಸರ್ಕಾರಿ ಆಸ್ಪತ್ರೆ ಮೆಗ್ಗಾನ್‌ಗೆ ಹೋಗಿ ರೆಫರಲ್ ತನ್ನಿ’ ಅಂದರೆ ಅವರ ಒಂದು ದಿನದ ಕೂಲಿ ಹೋಗಿರುತ್ತದೆ. ಅಷ್ಟರಲ್ಲಿ ಅಲ್ಲಿಯ ಒಪಿಡಿಯೂ ಮುಗಿದಿರುತ್ತದೆ. ಇದನ್ನು ಬೆಳಿಗ್ಗೆ ಟೋಕನ್ ಕೊಡುವಾಗಲೇ ಹೇಳಬೇಕು.

ಹಾಗಾಗಿ ಕೌಂಟರಿನಲ್ಲಿ ‘ಇನ್ಶೂರೆನ್ಸ್ ಇದೆಯಾ?’ ಅಂತ ಮಾತ್ರ ಕೇಳಿದರೆ ಸಾಲದು. ‘ಯಾವ ಕಾರ್ಡು, ತೋರಿಸಿ. ಪಾಲಿಸಿ ಶುರುವಾಗಿ ಎಷ್ಟು ವರ್ಷ ಆಯ್ತು?’ ಅಂತ ಕೇಳಿ. ಎರಡನೆಯ ಪ್ರಶ್ನೆ ಯಾಕೆ ಅಂದರೆ, ಹರ್ನಿಯಾ, ಕಣ್ಣಿನ ಪೊರೆ, ಮೂಲವ್ಯಾಧಿಯಂಥ ಕಾಯಿಲೆಗಳಿಗೆ ಸಾಮಾನ್ಯವಾಗಿ 24 ತಿಂಗಳ ಕಾಯುವ ಅವಧಿ ಇರುತ್ತದೆ, ಅಂದರೆ ಪಾಲಿಸಿ ತಗೊಂಡು ಅಷ್ಟು ದಿನ ಅವಕ್ಕೆ ದುಡ್ಡು ಸಿಗುವುದಿಲ್ಲ. ಪಾಲಿಸಿ ತಗೊಂಡು ಹದಿನೆಂಟು ತಿಂಗಳಾದವರಿಗೆ ಕಾಯಬಹುದಾದ ಆಪರೇಷನ್ ಆದರೆ, ಇನ್ನು ಆರು ತಿಂಗಳು ಬಿಟ್ಟು ಮಾಡಿಸಬಹುದಾ ಅಂತ ಡಾಕ್ಟರನ್ನು ಕೇಳಲು ಅವಕಾಶ ಸಿಗುತ್ತದೆ. ಪಾಲಿಸಿ ಜೊತೆ ಗ್ರಾಹಕರ ಮಾಹಿತಿ ಪತ್ರ ಅಂತ ಒಂದು ಚಿಕ್ಕ ಹಾಳೆ ಬರುತ್ತದೆ. ಅದರಲ್ಲಿ ಇದೆಲ್ಲ ಇರುತ್ತದೆ. ಮುಂದಿನ ಸಲ ಬರುವಾಗ ಅದನ್ನೇ ತರಲು ಹೇಳಿ. ಇಡೀ ಪಾಲಿಸಿ ಪುಸ್ತಕ ಬೇಡ.

ಇನ್ನು ನಿಜವಾಗಿ ಸಿಗಬೇಕಾಗಿದ್ದೂ ಸಿಗದ ಕ್ಲೇಮುಗಳಿಗೆ ಬರೋಣ.

ಅಡ್ಮಿಷನ್ನಿಗೆ ಮೊದಲಿನ ಮತ್ತು ನಂತರದ ಒಪಿಡಿ ಖರ್ಚು ಅನೇಕ ಮನೆಗಳಿಗೆ ಗೊತ್ತೇ ಇಲ್ಲದ ಹಕ್ಕು. ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವಿನಿ ಎಂಬ ಪ್ರಮಾಣಿತ ಪಾಲಿಸಿಯಲ್ಲಿ ಅಡ್ಮಿಷನ್ನಿನ ಹಿಂದಿನ 30 ದಿನ, ಡಿಸ್ಚಾರ್ಜ್ ನಂತರದ 60 ದಿನದ ಖರ್ಚು ಸೇರುತ್ತದೆ. ಬೇರೆ ಪಾಲಿಸಿಗಳಲ್ಲಿ ಇದು ಇನ್ನೂ ಹೆಚ್ಚಿರಬಹುದು. ಆಯುಷ್ಮಾನ್‌ನಲ್ಲೂ ಹಿಂದಿನ 3 ದಿನ, ನಂತರದ 15 ದಿನ ಪ್ಯಾಕೇಜಿನೊಳಗೇ ಇದೆ. ಷರತ್ತು ಒಂದೇ: ಆ ಖರ್ಚು, ಯಾವ ಕಾಯಿಲೆಗೆ ಅಡ್ಮಿಟ್ ಆದರೋ ಅದೇ ಕಾಯಿಲೆಗೆ ಆಗಿರಬೇಕು. ಅಲ್ಲೇ ನಮ್ಮ ಚೀಟಿಗಳು ಕೈಕೊಡುತ್ತವೆ.

ಒಂದು ಚೀಟಿ ನೋಡಿ. ಮೇಲೆ ಹೆಸರು, ವಯಸ್ಸು. ಕೆಳಗೆ ‘ಹೊಟ್ಟೆನೋವು’. ಅದರ ಕೆಳಗೆ ನಾಲ್ಕು ಮಾತ್ರೆಯ ಹೆಸರು, ‘ಸ್ಕ್ಯಾನ್’ ಅನ್ನುವ ಒಂದು ಪದ, ಒಂದು ಸಹಿ. ಮೂರು ವಾರದ ನಂತರ ಆ ಹೆಂಗಸಿಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಆಗುತ್ತದೆ. ಆಪರೇಷನ್ ಬಿಲ್ ಪಾಸಾಗುತ್ತದೆ. ಸ್ಕ್ಯಾನ್, ರಕ್ತ ಪರೀಕ್ಷೆ, ಕನ್ಸಲ್ಟೇಷನ್ ಮಾತ್ರ ‘ಸಂಬಂಧ ದೃಢಪಟ್ಟಿಲ್ಲ’ ಅಂತ ವಾಪಸ್ ಬರುತ್ತದೆ. ಕಂಪನಿಯ ಮೇಜಿನ ಮೇಲಿರುವವರಿಗೆ ಆ ಹೊಟ್ಟೆನೋವು ಗ್ಯಾಸ್ಟ್ರಿಕ್ಕೋ ಕಲ್ಲೋ ಹೇಗೆ ಗೊತ್ತಾಗಬೇಕು? ಡಾಕ್ಟರು ‘ಬಲಮೇಲ್ಭಾಗದ ಹೊಟ್ಟೆನೋವು, ಪಿತ್ತಕೋಶದ ಕಲ್ಲಿನ ಶಂಕೆ, ಅದಕ್ಕಾಗಿ ಸ್ಕ್ಯಾನ್’ ಅಂತ ಒಂದು ಸಾಲು ಬರೆದಿದ್ದರೆ ಮುಗಿದಿತ್ತು. ಸ್ಕ್ಯಾನ್ ವರದಿ ಬಂದ ದಿನ ಅದೇ ಚೀಟಿಯ ಮೇಲೆ ‘ಕಲ್ಲು ಇದೆ, ಸರ್ಜರಿ ಸೂಚಿಸಿದೆ’ ಅಂತ ದಿನಾಂಕ ಹಾಕಿದ್ದರೆ ಇನ್ನೂ ಗಟ್ಟಿ.

ಮಲೆನಾಡಿನಲ್ಲಿ ಇದಕ್ಕೆ ಇನ್ನೊಂದು ತೊಡಕು ಇದೆ. ಒಪಿಡಿ ಒಂದೂರಲ್ಲಿ, ಅಡ್ಮಿಷನ್ ಇನ್ನೊಂದೂರಲ್ಲಿ. ತೀರ್ಥಹಳ್ಳಿಯವರು ಊರಲ್ಲಿ ತೋರಿಸಿ, ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುತ್ತಾರೆ. ಶಿಕಾರಿಪುರದವರು ಶಿವಮೊಗ್ಗದಲ್ಲಿ ತೋರಿಸಿ ಬೆಂಗಳೂರಿನ ರೈಲು ಹತ್ತುತ್ತಾರೆ. ಆಸ್ಪತ್ರೆ ಬದಲಾದರೂ ಮೊದಲಿನ ಖರ್ಚು ಕೇಳಬಹುದು. ಆದರೆ ಆಗ ನಿಮ್ಮ ಚೀಟಿ, ನಿಮ್ಮ ರಸೀದಿ, ನಿಮ್ಮ ಲ್ಯಾಬ್ ವರದಿಗಳೇ ಅವರ ಸಾಕ್ಷಿ. ಬೇರೆ ಊರಿಗೆ ಕಳಿಸುವ ದಿನವೇ ಪೂರ್ತಿ ಸೆಟ್ ಕೈಗೆ ಕೊಟ್ಟು ಕಳಿಸಿ. ಎರಡು ತಿಂಗಳ ಮೇಲೆ ಮಳೆಗಾಲದಲ್ಲಿ ಒಂದು ಡ್ಯೂಪ್ಲಿಕೇಟ್ ರಸೀದಿಗಾಗಿ ಅವರನ್ನು ಮತ್ತೆ ಓಡಾಡಿಸುವುದು ಅನ್ಯಾಯ.

ದಿನಾಂಕದ ಲೆಕ್ಕವನ್ನೂ ಬರೆದುಕೊಡಿ. ಆರೋಗ್ಯ ಸಂಜೀವಿನಿಯಲ್ಲಿ ಮುಖ್ಯ ಬಿಲ್ಲು ಮತ್ತು ಮೊದಲಿನ ಖರ್ಚನ್ನು ಡಿಸ್ಚಾರ್ಜ್ ಆದ 30 ದಿನದೊಳಗೆ ಕಳಿಸಬೇಕು. ನಂತರದ ಖರ್ಚನ್ನು ಆ ಚಿಕಿತ್ಸೆ ಮುಗಿದ 15 ದಿನದೊಳಗೆ. ತಡವಾದದ್ದಕ್ಕೆ ನಿಜವಾದ ಕಾರಣ ಇದ್ದರೆ ತಡ ಅನ್ನುವುದೊಂದನ್ನೇ ಹಿಡಿದು ಕ್ಲೇಮ್ ತಳ್ಳಬಾರದು ಅಂತ ವಿಮೆ ನಿಯಂತ್ರಣ ಪ್ರಾಧಿಕಾರ ಐಆರ್‌ಡಿಎಐ 2011ರಲ್ಲೇ ಸೂಚಿಸಿದೆ. ಆದರೂ ಆ ಜಗಳಕ್ಕೆ ಹೋಗುವ ಪರಿಸ್ಥಿತಿ ಯಾಕೆ, ಅಲ್ವಾ?

ಡೇ ಕೇರ್ ವಿಷಯ ಚಿಕ್ಕದು, ಆದರೆ ದುಡ್ಡು ದೊಡ್ಡದು. ಡಯಾಲಿಸಿಸ್, ಕೀಮೋ, ಕಣ್ಣಿನ ಪೊರೆಯ ಆಪರೇಷನ್ ಇವಕ್ಕೆ 24 ಗಂಟೆಯ ನಿಯಮ ಇಲ್ಲ. ಬೆಳಿಗ್ಗೆ ಬಂದು ಸಂಜೆ ಹೋದರೂ ಕ್ಲೇಮ್ ಆಗುತ್ತದೆ. ಆದರೆ ಡೇ ಕೇರ್ ವ್ಯಾಖ್ಯಾನದಲ್ಲೇ ‘ಸಾಮಾನ್ಯವಾಗಿ ಹೊರರೋಗಿಯಾಗಿ ಪಡೆಯುವ ಚಿಕಿತ್ಸೆ ಇದರಲ್ಲಿ ಸೇರುವುದಿಲ್ಲ’ ಅನ್ನುವ ಮಾತಿದೆ. ನಿಮ್ಮ ಬಿಲ್ಲಿನ ತಲೆಯಲ್ಲಿ ‘ಒಪಿಡಿ ಪ್ರೊಸೀಜರ್’ ಅಂತ ಅಚ್ಚಾಗಿದ್ದರೆ, ಒಳಗೆ ಆಗಿದ್ದು ಏನೇ ಇರಲಿ, ಪರಿಶೀಲಿಸುವವರು ಆ ಮಾತಿನ ಮೇಲೇ ಬೆರಳಿಡುತ್ತಾರೆ. ಡೇ ಕೇರ್‌ಗೆ ಪ್ರತ್ಯೇಕ ನೋಂದಣಿ ಪುಸ್ತಕ, ಒಳಬಂದ ಮತ್ತು ಹೊರಹೋದ ಸಮಯ, ಕೊಟ್ಟ ಅರಿವಳಿಕೆ, ಚಿಕ್ಕದೊಂದು ಡಿಸ್ಚಾರ್ಜ್ ಸಮ್ಮರಿ ಇರಲಿ. ಕಣ್ಣಿನ ಲೆನ್ಸ್ ಹಾಕಿದ್ದರೆ ಅದರ ಸ್ಟಿಕ್ಕರ್ ಅಂಟಿಸಿ.

ಇದರ ಪಕ್ಕದಲ್ಲೇ ಒಂದು ಅಪಾಯ ಇದೆ. ‘ಒಂದು ರಾತ್ರಿ ಅಡ್ಮಿಟ್ ಮಾಡಿಸಿಬಿಡಿ, ಕ್ಲೇಮ್ ಆಗುತ್ತೆ’ ಅಂತ ರೋಗಿಯ ಕಡೆಯವರು ಕೇಳುತ್ತಾರೆ. ಕೆಲವೊಮ್ಮೆ ನಮ್ಮವರೇ ಹೇಳುತ್ತಾರೆ. ಬೇಡವೇ ಬೇಡ. ಅದು ವಂಚನೆ. ಸಿಕ್ಕಿಬಿದ್ದರೆ ಕಂಪನಿಗಳು ಆಸ್ಪತ್ರೆಯನ್ನು ಹೊರಗಿಟ್ಟವರ ಪಟ್ಟಿಗೆ ಸೇರಿಸುತ್ತವೆ. ಆಮೇಲೆ ನಿಜವಾಗಿ ಕಾಯಿಲೆಯಾದವರ ಕ್ಲೇಮ್ ಕೂಡ ನಿಮ್ಮಲ್ಲಿ ಆಗುವುದಿಲ್ಲ. ಪ್ರಾಣಾಪಾಯದ ಸ್ಥಿತಿ, ಅಪಘಾತ ಬಿಟ್ಟರೆ ಬೇರೆ ಯಾವುದಕ್ಕೂ ದುಡ್ಡು ಬರುವುದಿಲ್ಲ. ಶಿವಮೊಗ್ಗದಂಥ ಊರಲ್ಲಿ ಒಂದು ಆಸ್ಪತ್ರೆ ಪಟ್ಟಿಯಿಂದ ಹೊರಬಿದ್ದರೆ ಸುತ್ತಲಿನ ಮೂರು ತಾಲ್ಲೂಕಿನ ಜನ ಪರದಾಡುತ್ತಾರೆ.

ಈಗ ಅತಿ ಮುಖ್ಯವಾದದ್ದು: ಹಳೆಯ ಕಾಯಿಲೆಯ ಸಾಲು. ನಾನು ಓದಿದ ಕಡತಗಳಲ್ಲಿ ಜನರಿಗೆ ಅತಿ ದೊಡ್ಡ ನಷ್ಟ ಮಾಡಿದ್ದು ಇದೇ ಒಂದು ಸಾಲು. ನಮ್ಮ ಹಿರಿಯರು ಮಾತಾಡುವ ರೀತಿ ನಿಮಗೆ ಗೊತ್ತು. ‘ಬಿಪಿ ಇದೆಯಾ ಅಜ್ಜ?’ ಅಂದರೆ, ‘ಇದೆಯೋ ಏನೋ, ಹಿಂದೊಂದು ಸಲ ಕ್ಯಾಂಪಲ್ಲಿ ಜಾಸ್ತಿ ಅಂದಿದ್ರು’ ಅನ್ನುತ್ತಾರೆ. ‘ಎಷ್ಟು ವರ್ಷ ಆಯ್ತು?’ ಅಂದರೆ, ‘ಆಗಿರಬಹುದು ಒಂದು ಹತ್ತು ವರ್ಷ.’ ಚೀಟಿ ಬರೆಯುವ ಕಿರಿಯ ಡಾಕ್ಟರ್ ಹಿಂದೆ ನಲವತ್ತು ಜನ ಕಾಯುತ್ತಿರುತ್ತಾರೆ. ‘ಬಿಪಿ, 10 ವರ್ಷದಿಂದ’ ಅಂತ ಬರೆದು ಮುಂದೆ ಹೋಗುತ್ತಾರೆ. ಅಜ್ಜನ ಪಾಲಿಸಿ ಎರಡು ವರ್ಷ ಹಳೆಯದು. ಪಾಲಿಸಿ ಕೊಳ್ಳುವಾಗ ತುಂಬಿದ ಫಾರ್ಮಿನಲ್ಲಿ ಬಿಪಿ ಇಲ್ಲ ಅಂತ ಇದೆ. ಮುಂದೆ ಹೃದಯದ ತೊಂದರೆಯಾಗಿ ಸ್ಟೆಂಟ್ ಹಾಕಿದಾಗ ಕಂಪನಿ ಈ ಚೀಟಿ ತರಿಸಿಕೊಳ್ಳುತ್ತದೆ. ‘ಮೊದಲೇ ಇದ್ದ ಕಾಯಿಲೆಯನ್ನು ಮುಚ್ಚಿಟ್ಟಿದ್ದೀರಿ’ ಅಂತ ಪತ್ರ ಬರುತ್ತದೆ. ಹೋಗುವುದು ಲಕ್ಷಗಟ್ಟಲೆ.

ನಿಯಮ ಏನು ಹೇಳುತ್ತದೆ ಅಂತ ನಿಮ್ಮ ಡಾಕ್ಟರುಗಳಿಗೂ ತಿಳಿದಿರಲಿ. ‘ಮೊದಲೇ ಇದ್ದ ಕಾಯಿಲೆ’ ಅನ್ನಿಸಿಕೊಳ್ಳಲು ಪಾಲಿಸಿಗೆ ಮುಂಚಿನ ನಿಗದಿತ ಅವಧಿಯಲ್ಲಿ ವೈದ್ಯರು ಅದನ್ನು ಕಾಯಿಲೆ ಅಂತ ಗುರುತಿಸಿರಬೇಕು, ಅಥವಾ ಚಿಕಿತ್ಸೆ ಸೂಚಿಸಿರಬೇಕು, ಕೊಟ್ಟಿರಬೇಕು. 2024ರ ನಿಯಮದಲ್ಲಿ ಆ ಅವಧಿ 36 ತಿಂಗಳು. ಕ್ಯಾಂಪಿನಲ್ಲಿ ಒಂದು ಸಲ ಜಾಸ್ತಿ ಬಂದ ಅಂಕಿಯೊಂದೇ ಕಾಯಿಲೆ ಆಗುವುದಿಲ್ಲ. ಇಂಥ ಕಾಯಿಲೆಗೆ ಕಾಯುವ ಅವಧಿಯೂ ಹೆಚ್ಚೆಂದರೆ 36 ತಿಂಗಳೇ. ಹಿಂದೆ ಅದು 48 ಇತ್ತು. ಪಾಲಿಸಿ ತಪ್ಪದೆ 60 ತಿಂಗಳು ನಡೆದಿದ್ದರೆ, ವಂಚನೆ ಸಾಬೀತು ಮಾಡದೆ ‘ಹೇಳಲಿಲ್ಲ’ ಅಂತ ಕ್ಲೇಮ್ ತಳ್ಳುವಂತಿಲ್ಲ. ಅಂದಮೇಲೆ ಚೀಟಿಯಲ್ಲಿ ‘10 ತಿಂಗಳು’ ಅನ್ನುವುದಕ್ಕೂ ‘10 ವರ್ಷ’ ಅನ್ನುವುದಕ್ಕೂ ಎಷ್ಟು ಅಂತರ ನೋಡಿ.

ಇದಕ್ಕೆ ಮದ್ದು ಕೇಳುವ ರೀತಿಯಲ್ಲೇ ಇದೆ. ‘ಬಿಪಿ ಮಾತ್ರೆ ತಗೊಳ್ತಿದ್ದೀರಾ? ಮೊದಲ ಸಲ ಯಾವ ಡಾಕ್ಟರ್ ಕೊಟ್ಟರು? ಯಾವ ವರ್ಷ? ಮಾತ್ರೆ ಚೀಟಿ ಇದೆಯಾ?’ ಅಂತ ಕೇಳಬೇಕು. ವರ್ಷ ನೆನಪಿಗೆ ಬರದಿದ್ದರೆ ಮನೆಯ ಘಟನೆ ಹಿಡಿದು ಕೇಳಿ. ಮಗಳ ಮದುವೆಗೆ ಮೊದಲೋ ಆಮೇಲೋ, ಕೋವಿಡ್‌ಗೆ ಮೊದಲೋ ಆಮೇಲೋ. ಜನಕ್ಕೆ ಅದು ಚೆನ್ನಾಗಿ ನೆನಪಿರುತ್ತದೆ. ಖಚಿತವಾಗದಿದ್ದರೆ ಅಂಕಿ ಹಾಕಬಾರದು. ‘ರೋಗಿಗೆ ಅವಧಿ ಖಚಿತವಿಲ್ಲ, ಹಳೆಯ ದಾಖಲೆ ಲಭ್ಯವಿಲ್ಲ’ ಅಂತಲೇ ಬರೆಯಬೇಕು. ಜೊತೆಗೆ ಹೇಳಿದವರು ರೋಗಿಯೋ, ಮಗನೋ, ಪಕ್ಕದ ಮನೆಯವರೋ ಅನ್ನುವುದನ್ನೂ ಬರೆಯಬೇಕು. ತುರ್ತು ವಿಭಾಗದಲ್ಲಿ ಅರೆಪ್ರಜ್ಞೆಯಲ್ಲಿರುವವರ ಬಗ್ಗೆ ಜೀಪಿನಲ್ಲಿ ಕರೆತಂದವರು ಹೇಳಿದ ಮಾತು ರೋಗಿಯ ಮಾತಾಗಿ ದಾಖಲಾಗುವುದು ನಾನು ಪದೇ ಪದೇ ನೋಡುವ ಅನಾಹುತ.

ತಪ್ಪು ಬರೆದಿದ್ದು ಗೊತ್ತಾದರೆ ತಿದ್ದುವ ಕ್ರಮವೂ ಇದೆ. ಹಳೆಯ ಸಾಲನ್ನು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಸರಿಯಾದದ್ದು ಬರೆದು, ದಿನಾಂಕ, ಸಹಿ ಹಾಕಬೇಕು. ಯಾವ ಆಧಾರದ ಮೇಲೆ ತಿದ್ದಿದ್ದು ಅಂತ ಬರೆದಿದ್ದ ಡಾಕ್ಟರೇ ಒಂದು ಪತ್ರ ಕೊಡಬೇಕು. ಬಿಳಿ ಶಾಯಿ ಹಚ್ಚುವುದು, ಹೊಸ ಚೀಟಿ ಬರೆದು ಹಳೆಯ ತಾರೀಖು ಹಾಕುವುದು, ಇವೆರಡೂ ಕ್ಲೇಮನ್ನು ಕೊಲ್ಲುತ್ತವೆ. ನಿಜವಾಗಿ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದು, ‘ಅದೊಂದು ಬರೆಯಬೇಡಿ ಸಾರ್’ ಅಂತ ಯಾರಾದರೂ ಕೇಳಿದರೆ ಖಂಡಿತ ಒಪ್ಪಬೇಡಿ. ನಾಳೆ ಆಪರೇಷನ್ ಟೇಬಲ್ ಮೇಲೆ ಆ ಮಾಹಿತಿ ಇಲ್ಲದೆ ಅವರ ಜೀವಕ್ಕೇ ಕುತ್ತು ಬರಬಹುದು. ಬದಲಿಗೆ, ಹೊಸ ಪಾಲಿಸಿ ಮಾಡಿಸುವಾಗ ಎಲ್ಲವನ್ನೂ ಹೇಳಿಬಿಡಿ, 36 ತಿಂಗಳ ನಂತರ ಅದಕ್ಕೂ ರಕ್ಷಣೆ ಸಿಗುತ್ತದೆ ಅಂತ ತಿಳಿಸಿಕೊಡಿ.

ಜ್ವರದ ಕಾಲದಲ್ಲಿ ನಿಮ್ಮ ಕೌಂಟರಿಗೆ ಬೇರೆ ಥರದ ಪತ್ರಗಳು ಬರುತ್ತವೆ. ಮಂಗನ ಕಾಯಿಲೆ ಮೊದಲು ಕಾಣಿಸಿದ್ದೇ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. ಈಗಲೂ ಚಳಿಗಾಲ ಶುರುವಾಗಿ ಮಳೆ ಬೀಳುವವರೆಗೆ ಅದನ್ನು ಹರಡುವ ಉಣುಗಿನ ಭಯ ಇದ್ದೇ ಇರುತ್ತದೆ. ಮಳೆ ಬಿದ್ದ ಮೇಲೆ ಡೆಂಗಿ, ಇಲಿಜ್ವರ. ರೋಗಿ ಬಂದ ದಿನ ಯಾವುದು ಅಂತ ಹೇಳಲು ಆಗುವುದಿಲ್ಲ. ‘ಜ್ವರ, ತಪಾಸಣೆಗಾಗಿ ದಾಖಲು’ ಅಂತ ಬರೆಯುತ್ತಾರೆ. ಪಾಲಿಸಿಗಳ ಪ್ರಮಾಣಿತ ಹೊರಗಿಡುವಿಕೆಗಳ ಪಟ್ಟಿಯಲ್ಲಿ 4ನೆಯದು ಇದೇ: ಬರೀ ತಪಾಸಣೆಗಾಗಿ ಅಡ್ಮಿಟ್ ಆದರೆ ದುಡ್ಡಿಲ್ಲ. ಆ ಮಾತನ್ನು ನಾವೇ ಬರೆದುಕೊಟ್ಟ ಹಾಗಾಯ್ತು.

ಆ ದಿನ ಚೀಟಿಯಲ್ಲಿ ಇರಬೇಕಾದದ್ದು, ಈ ಮನುಷ್ಯನನ್ನು ಮನೆಗೆ ಕಳಿಸಲು ಯಾಕೆ ಆಗಲಿಲ್ಲ ಅನ್ನುವುದು. ಜ್ವರ ಎಷ್ಟು ದಿನದಿಂದ, ಎಷ್ಟು ಡಿಗ್ರಿ. ರಕ್ತದೊತ್ತಡ ಎಷ್ಟಿತ್ತು. ಪ್ಲೇಟ್‌ಲೆಟ್, ಬಿಳಿ ರಕ್ತಕಣ ಎಷ್ಟಿತ್ತು. ಬಾಯಿಗೆ ತಗೊಂಡದ್ದು ನಿಲ್ಲುತ್ತಿತ್ತೇ, ವಾಂತಿ ಇತ್ತೇ, ಒಸಡಿನಲ್ಲಿ ರಕ್ತ ಇತ್ತೇ. ಕಾಡಿಗೆ ಸೊಪ್ಪಿಗೆ, ದರಗಿಗೆ (ಒಣ ಎಲೆಗೆ) ಹೋಗಿದ್ದರೇ. ನರಕ್ಕೆ ಏನೇನು ಕೊಟ್ಟರು. ಇವಿಷ್ಟು ಇದ್ದರೆ ಅದು ಚಿಕಿತ್ಸೆಗಾಗಿ ಆದ ಅಡ್ಮಿಷನ್ ಅನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ. ಮಂಗನ ಕಾಯಿಲೆಯ ಆರ್‌ಟಿ-ಪಿಸಿಆರ್ ವರದಿ ಡಿಸ್ಚಾರ್ಜ್ ಆದಮೇಲೆ ಬಂದರೆ, ಡಿಸ್ಚಾರ್ಜ್ ಸಮ್ಮರಿಗೆ ಒಂದು ಸೇರ್ಪಡೆ ಪುಟ ಮಾಡಿ ಅಂತಿಮ ರೋಗನಿರ್ಣಯ ಬರೆದುಕೊಡಿ. ಅದಕ್ಕೆ ಕಾಯಿಲೆಗಳ ಅಂತರರಾಷ್ಟ್ರೀಯ ಸಂಕೇತಪಟ್ಟಿ ಐಸಿಡಿ-10ರಲ್ಲಿ ಸ್ವಂತ ಸಂಕೇತವೇ ಇದೆ, ಎ 98.2. ‘ಕಾರಣ ತಿಳಿಯದ ಜ್ವರ’ದ ಆರ್ 50.9 ಅನ್ನೇ ಕೊನೆಯವರೆಗೂ ಬಿಟ್ಟರೆ ನಮ್ಮ ಜಿಲ್ಲೆಯ ಕಾಯಿಲೆ ನಮ್ಮ ಕಾಗದದಲ್ಲೇ ಕಾಣದೆ ಹೋಗುತ್ತದೆ.

ಇನ್ನೊಂದು ಮಾತು. ಮಂಗನ ಕಾಯಿಲೆ ಕೆಲವರಿಗೆ ಮೂರನೇ ವಾರದ ಹೊತ್ತಿಗೆ ಮತ್ತೆ ಮರುಕಳಿಸುತ್ತದೆ. ಆಗ ತಲೆನೋವು, ನಡುಕ, ಕಣ್ಣಿನ ತೊಂದರೆ ಅಂತ ಬರುತ್ತಾರೆ. ಹಿಂದಿನ ಭೇಟಿಯಿಂದ 45 ದಿನದೊಳಗೆ ಮರುಕಳಿಸಿದ್ದನ್ನು ಪಾಲಿಸಿಗಳು ಅದೇ ಕಾಯಿಲೆ ಅಂತ ಪರಿಗಣಿಸುತ್ತವೆ. ಎರಡನೇ ಸಲದ ಒಪಿಡಿ ಚೀಟಿಯಲ್ಲಿ ಮೊದಲ ಅಡ್ಮಿಷನ್ ದಿನಾಂಕ, ನಂಬರ್ ಬರೆಯದಿದ್ದರೆ ಅದು ಸುಮ್ನೆ ಒಂದು ತಲೆನೋವಿನ ಬಿಲ್ಲಾಗುತ್ತದೆ.

ಹಾವು ಕಡಿತದಲ್ಲೂ ಹೆಚ್ಚುಕಡಿಮೆ ಇದೇ ಕಥೆ. ತೋಟದಲ್ಲಿ ಕಡಿಸಿಕೊಂಡು ಬಂದವರಿಗೆ ವಿಷದ ಲಕ್ಷಣ ಕಾಣದಿದ್ದರೂ 24 ಗಂಟೆ ನಿಗಾ ಇಡುವುದು ಸರಿಯಾದ ವೈದ್ಯಕೀಯ ಕ್ರಮ. ಕಂಪನಿ ಮಾತ್ರ ‘ಬರೀ ನಿಗಾ’ ಅನ್ನುತ್ತದೆ. ಮಲೆನಾಡಿನಲ್ಲಿ ಇನ್ನೊಂದು ಪ್ರಶ್ನೆಯೂ ಬರುತ್ತದೆ: ‘ಪ್ರತಿವಿಷ ಯಾಕೆ ಕೊಟ್ಟಿಲ್ಲ?’ ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಘಟ್ಟದಲ್ಲಿ ಸಾಮಾನ್ಯವಾಗಿರುವ ಹಂಪ್-ನೋಸ್ಡ್ ಪಿಟ್ ವೈಪರ್‌ನ ವಿಷಕ್ಕೆ ಅದು ಕೆಲಸ ಮಾಡುವುದಿಲ್ಲ. ಆದ್ದರಿಂದ ಕೊಡದಿದ್ದುದಕ್ಕೆ ಕಾರಣವನ್ನು ಡಾಕ್ಟರ್ ಬರೆದಿರಬೇಕು. 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ಯಾವ ಯಾವ ಗಂಟೆಗೆ ಮಾಡಿದರು, ಏನು ಬಂತು, ಅದನ್ನೂ ಸಮಯದ ಸಮೇತ ಬರೆದಿಡಿ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು. ಆ ವರದಿಯ ಪ್ರತಿಯೂ ಕಡತದಲ್ಲಿದ್ದರೆ ಒಳ್ಳೆಯದು.

ಅಡಿಕೆ ಮರದಿಂದ ಬಿದ್ದವರ ಚೀಟಿಯಲ್ಲಿ ನೋಡಬೇಕಾದ ಸಾಲು ‘ಮದ್ಯದ ವಾಸನೆ’. ಅಡಿಕೆ ಗೊನೆ ಕೊಯ್ಯುವವರು, ಮಳೆಯಲ್ಲಿ ಜಾರುವ ಮರ ಹತ್ತಿ ಮದ್ದು ಹೊಡೆಯುವವರು ಎಷ್ಟೋ ಸಲ ಕುಡಿಯದೆಯೂ ಬೀಳುತ್ತಾರೆ. ವಾಸನೆ ಇದ್ದರೆ ಡಾಕ್ಟರ್ ಅದನ್ನು ಬರೆಯಲೇಬೇಕು, ಮರೆಮಾಚುವ ಹಾಗಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಬಾರದು. ಮಾತು ಸ್ಪಷ್ಟವಿತ್ತೇ, ಪ್ರಜ್ಞೆ ಇತ್ತೇ, ರಕ್ತ ಪರೀಕ್ಷೆ ಮಾಡಿದರೇ, ಎಷ್ಟು ಎತ್ತರದಿಂದ ಬಿದ್ದರು, ಮರ ಒದ್ದೆ ಇತ್ತೇ ಅನ್ನುವುದನ್ನೂ ಬರೆಯಬೇಕು. ವಾಸನೆ ಅನ್ನುವ ಒಂದು ಪದ ಒಂಟಿಯಾಗಿ ನಿಂತರೆ ಕುಡಿದು ಬಿದ್ದದ್ದು ಅಂತ ಕಂಪನಿ ಕ್ಲೇಮ್ ತಳ್ಳುತ್ತದೆ, ಇಡೀ ಕುಟುಂಬ ಸಾಲಕ್ಕೆ ಬೀಳುತ್ತದೆ. ವೈದ್ಯಕೀಯ-ಕಾನೂನು ಪ್ರಕರಣ ಅಂತ ದಾಖಲಿಸಿ ಪೊಲೀಸರಿಗೆ ಕಳಿಸಿದ ಸೂಚನೆಯ ನಂಬರನ್ನು ಚೀಟಿಯಲ್ಲೇ ಬರೆಯಿರಿ.

ಹೆಸರು, ಬಿಲ್ಲಿನ ತಕರಾರುಗಳು ಬೇಗ ಸರಿಹೋಗುವಂಥವು. ಆಧಾರಿನಲ್ಲಿ ಮಂಜುನಾಥ, ಪಾಲಿಸಿಯಲ್ಲಿ ಮಂಜಪ್ಪ, ನಿಮ್ಮ ಚೀಟಿಯಲ್ಲಿ ಮಂಜಣ್ಣ. ಇನಿಷಿಯಲ್ ಒಂದರಲ್ಲಿ ಹಿಂದೆ, ಒಂದರಲ್ಲಿ ಮುಂದೆ. ಬಾಯಲ್ಲಿ ಹೇಳಿದ ಹೆಸರು ಬರೆಯದೆ ಕಾರ್ಡು ನೋಡಿ ಬರೆಯಿರಿ. ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಕ್ಯೂಆರ್ ಸ್ಕ್ಯಾನ್ ಮಾಡಿಸಿ ಟೋಕನ್ ಕೊಟ್ಟರೆ ಕೈತಪ್ಪು ಇನ್ನೂ ಕಡಿಮೆ. ಔಷಧಿ ಬಿಲ್ಲಿನಲ್ಲಿರುವ ಪ್ರತಿ ಮಾತ್ರೆಯೂ ಚೀಟಿಯಲ್ಲಿರಬೇಕು, ತಾರೀಖು ಹೊಂದಬೇಕು. ಎಸ್ಟಿಮೇಟ್ ಚೀಟಿ ರಸೀದಿ ಆಗುವುದಿಲ್ಲ. ಒಂದು ಲಕ್ಷ ಮೀರಿದ ಕ್ಲೇಮಿಗೆ ಕೆವೈಸಿ ದಾಖಲೆ ಬೇಕು. ಇಷ್ಟು ಸಾಕು.

ಈಗಾಗಲೇ ಬಂದಿರುವ ಪತ್ರಗಳನ್ನು ಏನು ಮಾಡಬೇಕು? ಮೊದಲು ಅದು ತಿರಸ್ಕಾರವೋ ಬರೀ ಪ್ರಶ್ನೆಯೋ ನೋಡಿ. ಎಷ್ಟೋ ಜನ ‘ಇನ್ನೊಂದು ದಾಖಲೆ ಕಳಿಸಿ’ ಅನ್ನುವ ಪತ್ರವನ್ನೇ ತಿರಸ್ಕಾರ ಅಂದುಕೊಂಡು ಕೈಬಿಡುತ್ತಾರೆ. ನಿಜವಾದ ತಿರಸ್ಕಾರವಾಗಿದ್ದರೆ, ಪಾಲಿಸಿಯ ಯಾವ ಷರತ್ತಿನ ಪ್ರಕಾರ ಅಂತ ಕಂಪನಿ ಬರೆಯಲೇಬೇಕು. ಐಆರ್‌ಡಿಎಐನ 2024ರ ಮೇ ತಿಂಗಳ ಸುತ್ತೋಲೆಯ ಪ್ರಕಾರ ಕಂಪನಿಯ ಕ್ಲೇಮ್ ಪರಿಶೀಲನಾ ಸಮಿತಿ ಒಪ್ಪದೆ ತಿರಸ್ಕರಿಸುವಂತೆಯೂ ಇಲ್ಲ. ಷರತ್ತಿನ ನಂಬರ್ ಇಲ್ಲದ ಪತ್ರಕ್ಕೆ ಅದನ್ನೇ ಕೇಳಿ ಬರೆಯಿಸಿ. ಡಾಕ್ಟರ ವಿವರಣೆ ಪತ್ರ ಲಗತ್ತಿಸಿ ಕಂಪನಿಯ ದೂರು ವಿಭಾಗಕ್ಕೆ ಕಳಿಸಲಿ. ವಿಮೆ ನಿಯಂತ್ರಣ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲ್ಲಿನಲ್ಲಿ, ಅಥವಾ 155255ಕ್ಕೆ ಫೋನ್ ಮಾಡಿಯೂ ದೂರು ದಾಖಲಿಸಬಹುದು.

30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ, ಇಂಥ ದೂರು ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕದ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ. ಶುಲ್ಕ ಇಲ್ಲ, ವಕೀಲರು ಬೇಕಿಲ್ಲ, 50 ಲಕ್ಷ ರೂಪಾಯಿವರೆಗಿನ ಪರಿಹಾರ ಕೊಡಿಸುವ ಅಧಿಕಾರ ಇದೆ. ದೂರನ್ನು ಆನ್‌ಲೈನ್‌ನಲ್ಲೇ ಕೊಡಬಹುದು. ವಿಚಾರಣೆ ವಿಡಿಯೊ ಮೂಲಕವೂ ನಡೆಯುತ್ತದೆ. ಅಜ್ಜ-ಅಜ್ಜಿಯರು ಬೆಂಗಳೂರಿಗೆ ಹೋಗಬೇಕಾಗಿಲ್ಲ ಅನ್ನುವುದನ್ನು ಒತ್ತಿ ಹೇಳಿ. ಜನ ಅಲ್ಲೇ ಹೆದರಿ ಬಿಟ್ಟುಬಿಡುತ್ತಾರೆ. ಆಯುಷ್ಮಾನ್ ದೂರುಗಳ ದಾರಿ ಬೇರೆ: ಆಸ್ಪತ್ರೆಯಲ್ಲಿರುವ ಯೋಜನೆಯ ಸಿಬ್ಬಂದಿ ಆರೋಗ್ಯ ಮಿತ್ರರು, ಅವರ ಮೇಲೆ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್. ಸಹಾಯವಾಣಿ 14555.

ಡಾಕ್ಟರಿಗೆ ಹೇಳುವ ಹಿಂಜರಿಕೆ ನನಗೆ ಅರ್ಥವಾಗುತ್ತದೆ. ‘ಹೀಗೆ ಬರೆಯಿರಿ’ ಅಂತ ಹೇಳಬೇಡಿ. ಅವರೇ ಬರೆದ ಚೀಟಿ, ಅದರಿಂದ ಬಂದ ತಿರಸ್ಕಾರದ ಪತ್ರ, ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಡಿ. ತಮ್ಮ ಒಂದು ಸಾಲಿನಿಂದ ರೋಗಿಗೆ ಎಷ್ಟು ನಷ್ಟವಾಯಿತು ಅಂತ ಕಣ್ಣಾರೆ ನೋಡಿದ ಡಾಕ್ಟರ್ ಮತ್ತೆ ಹಾಗೆ ಬರೆಯುವುದಿಲ್ಲ. ಹೊಸ ಒಪಿಡಿ ಚೀಟಿ ಅಚ್ಚು ಹಾಕಿಸುವಾಗ ನಾಲ್ಕು ಖಾಲಿ ಜಾಗ ಇಡಿಸಿ: ಯಾವ ಶಂಕೆಯ ಮೇಲೆ ಪರೀಕ್ಷೆ, ಹಳೆಯ ಕಾಯಿಲೆ ಮತ್ತು ಅದರ ಅವಧಿ, ಮಾಹಿತಿ ಕೊಟ್ಟವರು ಯಾರು, ಹಿಂದಿನ ಭೇಟಿಯ ನಂಬರ್. ಜಾಗ ಕಣ್ಣಿಗೆ ಕಂಡರೆ ಕೈ ತಾನಾಗಿ ತುಂಬುತ್ತದೆ. ಸಂಜೆ ಕೌಂಟರ್ ಮುಚ್ಚುವ ಮೊದಲು ನಿಮ್ಮಿಬ್ಬರಲ್ಲಿ ಒಬ್ಬರು ಆ ದಿನ ಅಡ್ಮಿಷನ್ ಅಥವಾ ಆಪರೇಷನ್ ಸೂಚಿಸಿದ ಚೀಟಿಗಳನ್ನು ಮಾತ್ರ ಓದಿ. ಎಲ್ಲವನ್ನೂ ಓದಲು ಹೋದರೆ ವಾರದಲ್ಲಿ ಬಿಟ್ಟುಬಿಡುತ್ತೀರಿ.

ಇಷ್ಟು ಮೂರು ತಿಂಗಳು ನಡೆದಮೇಲೆ ಸಾಫ್ಟ್‌ವೇರ್ ನೋಡಿ. ಆಗ ನಿಮಗೆ ಏನು ಬೇಕು ಅಂತ ಗೊತ್ತಿರುತ್ತದೆ. ಮಾರಲು ಬಂದವರಿಗೆ ನಿಮ್ಮ ತಿರಸ್ಕೃತವಾದ ಒಂದು ಹಳೆಯ ಕಡತವನ್ನೇ, ಹೆಸರು ಮುಚ್ಚಿ, ಕೊಡಿ. ಒಪಿಡಿ ನಂಬರು ಅಡ್ಮಿಷನ್ ನಂಬರಿಗೆ ತಾನಾಗಿ ಜೋಡಣೆಯಾಗುತ್ತದೆಯೇ, ಚೀಟಿಯಲ್ಲಿಲ್ಲದ ಮಾತ್ರೆ ಬಿಲ್ಲಿಗೆ ಬಂದರೆ ಎಚ್ಚರಿಸುತ್ತದೆಯೇ, ತಿದ್ದಿದ ಸಾಲಿನ ಹಳೆಯ ರೂಪ ಉಳಿಯುತ್ತದೆಯೇ, ಆಸ್ಪತ್ರೆಯಿಂದ ಕಂಪನಿಗೆ ಕ್ಲೇಮ್ ಡಿಜಿಟಲ್ ಆಗಿ ತಲುಪಿಸುವ ರಾಷ್ಟ್ರೀಯ ಆರೋಗ್ಯ ಕ್ಲೇಮ್ ವಿನಿಮಯ ವ್ಯವಸ್ಥೆಗೆ ಕಳಿಸಲು ಬರುತ್ತದೆಯೇ ಅಂತ ಆ ಕಡತದ ಮೇಲೆಯೇ ಮಾಡಿ ತೋರಿಸಲಿ. ತೋರಿಸಲು ಆಗದಿದ್ದರೆ ಆ ದುಡ್ಡಿನಲ್ಲಿ ಕೌಂಟರಿಗೆ ಮೂರನೆಯವರೊಬ್ಬರನ್ನು ಕೇಳಿ.